ಎರಡು ದೇಶದ ಹಿಕ್ಕೆ

"ಈ ಸ್ಕೇಲೇ ಸರಿ ಇಲ್ಲ!" ಎಂದು ಚೂಟಿ ರೇಗಿದಳು.

ಮೂರನೆಯ ಸಲ ಅಳೆದರೂ ಕಿಟಕಿಯಲ್ಲಿದ್ದ ಬೀನ್ಸ್ ಗಿಡ ಹನ್ನೊಂದೇ ಸೆಂಟಿಮೀಟರ್. ಎಲೆಗಳು ಬೇರೆ ಹಳದಿ. ಫೋನಿನಲ್ಲಿ ದೊಡ್ಡಮ್ಮನ ಮಗ ತನ್ನ ಗಿಡ ಎತ್ತಿ ತೋರಿಸುತ್ತಿದ್ದ. ಅದರ ತುದಿ ಪರದೆಯೊಳಗೆ ಹಿಡಿಸುತ್ತಲೇ ಇರಲಿಲ್ಲ.

"ಇಪ್ಪತ್ತಾರು! ಬರ್ಕೋ ಬರ್ಕೋ. ಯಾಕೇ, ಪೆನ್ನಿಗೂ ಗೊಬ್ಬರ ಹಾಕ್ಬೇಕಾ?"

"ಹೋಗೋ ಅಣ್ಣ!" ಎಂದು ಚೂಟಿ ಫೋನ್ ಇಟ್ಟೇಬಿಟ್ಟಳು.

ಅಣ್ಣ ಇರುವುದು ಬೇರೆ ದೇಶದಲ್ಲಿ. ಅವನ ಮನೆಯಲ್ಲೂ ಮೇಕೆಗಳಿವೆ, ಚೂಟಿಯ ಅಜ್ಜನ ಹತ್ತಿರವೂ ಇವೆ. ರಜೆಗೆ ಬಂದಿದ್ದ ದೊಡ್ಡಮ್ಮ ಬೀನ್ಸ್ ಬೀಜದ ಪ್ಯಾಕೆಟ್ಟಿನಲ್ಲಿ ಅರ್ಧ ಒಯ್ದಿದ್ದಳು. ಇಬ್ಬರೂ ಒಂದೇ ದಿನ ಕುಂಡಕ್ಕೆ ಹೊಲದ ಮಣ್ಣು ತುಂಬಿ, ಒಂದೊಂದು ಹಿಡಿ ಮೇಕೆ ಹಿಕ್ಕೆ ಹಾಕಿ ಬಿತ್ತಿದ್ದರು. ಯಾವ ದೇಶದ ಗೊಬ್ಬರ ಒಳ್ಳೆಯದು? ಇದೇ ಚೂಟಿಯ ಸೈನ್ಸ್ ಪ್ರಾಜೆಕ್ಟ್.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅವಳು ಇಡೀ ಕ್ಲಾಸಿನ ಎದುರು, "ನಮ್ಮ ದೇಶದ್ದೇ ಗೆಲ್ಲೋದು, ಬೇಕಾದ್ರೆ ಬೆಟ್ಟು!" ಎಂದು ಕೊಚ್ಚಿಕೊಂಡಿದ್ದಳು. ಚಾರ್ಟಿನ ಮೇಲೆ ಸ್ಕೆಚ್ ಪೆನ್ನಿನಿಂದ 'ನಮ್ಮ ದೇಶ', 'ಅಣ್ಣನ ದೇಶ' ಎಂದು ದಪ್ಪಗೆ ಬರೆದೂ ಆಗಿತ್ತು. ನಾಳೆಯೇ ತೋರಿಸಬೇಕು.

ಅವಳು ಪೆನ್ಸಿಲ್ಲಿನಿಂದ 11 ಎಂದು ಬರೆದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೊದಲನೆಯ ಒಂದನ್ನು ಮೆಲ್ಲಗೆ ತಿದ್ದಿ ಮೂರು ಮಾಡಿದಳು. ಗಿಡ ಎಲ್ಲಿ ಎಂದು ಟೀಚರ್ ಕೇಳಿದರೆ ಮೇಕೆ ತಿಂದಿತು ಅಂದರಾಯಿತು.

ಕುಂಡ ಎತ್ತಿಕೊಂಡು ಹಿತ್ತಲಿನ ಕೊಟ್ಟಿಗೆಗೆ ಹೋದಳು. ಅಜ್ಜ ಮೇಕೆಗಳಿಗೆ ಸೊಪ್ಪು ಕಟ್ಟುತ್ತಿದ್ದ.

"ಅಜ್ಜಾ, ನಿನ್ನ ಮೇಕೆ ಇದನ್ನ ತಿನ್ನುತ್ತಾ?"

"ಇದನ್ನಾ? ಮೂಸಿ ಕೂಡ ನೋಡಲ್ಲ." ಅಜ್ಜ ಕುಂಡದೊಳಗೆ ಬೆರಳು ಹಾಕಿ ಕೆದಕಿದ. ಗೋಲಿಯಂಥ ಹಿಕ್ಕೆಗಳು ಹಾಕಿದ ಹಾಗೇ ಹೊರಬಂದವು. "ಇದೇನೇ ಇದು, ಪೋಣಿಸಿ ಸರ ಮಾಡೋಕೆ ಇಟ್ಟಿದ್ದೀಯಾ?"

"ಚೆನ್ನಾಗಿರೋದನ್ನೇ ಆರಿಸಿದ್ದೆ. ದುಂಡಗಿರೋದು. ಆಮೇಲೆ..." ಚೂಟಿ ತಡವರಿಸಿದಳು. "ಸೋಪು ಹಾಕಿ ತೊಳೆದು ಒಣಗಿಸಿದ್ದೆ. ವಾಸನೆ ಬರುತ್ತೆ ಅಂತ."

ಅಜ್ಜ ಗೋಡೆ ಹಿಡಿದುಕೊಂಡು ನಕ್ಕ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, "ಅಣ್ಣ ಎಲ್ಲಿಂದ ತಗೊಂಡನೋ ಕೇಳು ಹೋಗು," ಎಂದ.

"ಕೊಟ್ಟಿಗೆ ನೆಲದಿಂದ ಕಣೇ," ಎಂದ ಅಣ್ಣ ಫೋನಿನಲ್ಲಿ. "ಮೇಕೆಗಳು ತುಳಿದೂ ತುಳಿದೂ ಪುಡಿ ಆಗಿ ಕೊಳೆತಿತ್ತಲ್ಲ, ಅದನ್ನ ಕೆರ್ಕೊಂಡೆ. ಅಮ್ಮ ನನಗೆ ಎರಡು ಸಲ ಸ್ನಾನ ಮಾಡಿಸಿದ್ಲು!"

ಅಷ್ಟರಲ್ಲಿ ಅಜ್ಜ ಕೊಟ್ಟಿಗೆಯ ಮೂಲೆಯಿಂದ ಒಂದು ಸಲಿಕೆ ಗೊಬ್ಬರ ತಂದ. ಕಪ್ಪಗೆ, ಉದುರುದುರಾಗಿತ್ತು. "ನಾನೂ ಹೊಲಕ್ಕೆ ಹಾಕೋದು ಇದನ್ನೇ."

ಚೂಟಿ ಮೂಗು ಮುಚ್ಚಿಕೊಂಡಳು. ಆಮೇಲೆ ಮೂಗು ಬಿಟ್ಟು ಎರಡೂ ಕೈಯಲ್ಲಿ ಅದನ್ನು ಬಾಚಿಕೊಂಡಳು. ರಾತ್ರಿ ಊಟಕ್ಕೆ ಮುಂಚೆ ಚಾರ್ಟಿನ ಮೇಲಿನ ಮೂರನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸಿ, ಮತ್ತೆ ಒಂದು ಬರೆದಳು.

ಮರುದಿನ ಚಾರ್ಟು ಬಿಚ್ಚುತ್ತಿದ್ದಂತೆ ಪಕ್ಕದ ಬೆಂಚಿನ ಉದ್ದಜಡೆ ಕೂಗಿಯೇಬಿಟ್ಟಳು. "ಹನ್ನೊಂದಂತೆ! ಸೋತ್ಯಲ್ಲೇ ಚೂಟಿ!"

ಚೂಟಿಯ ಕಿವಿ ಬಿಸಿಯಾಯಿತು.

"ಹಾಗಾದ್ರೆ ಆ ದೇಶದ ಗೊಬ್ಬರವೇ ಒಳ್ಳೇದು ಅನ್ನೋಣವಾ?" ಎಂದು ಟೀಚರ್ ಕೇಳಿದರು.

ಚೂಟಿ ಸ್ಕೆಚ್ ಪೆನ್ ತೆಗೆದು ಎರಡು ದೇಶಗಳನ್ನೂ ಹೊಡೆದುಹಾಕಿದಳು. ಹನ್ನೊಂದರ ಮೇಲೆ 'ತೊಳೆದದ್ದು' ಎಂದು ಬರೆದಳು, ಇಪ್ಪತ್ತಾರರ ಮೇಲೆ 'ತುಳಿದದ್ದು' ಎಂದು. ತೊಳೆದ ಕತೆ ಅವಳೇ ಹೇಳಿದಾಗ ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದು ನಕ್ಕಿತು. ಟೀಚರ್ ಕೂಡ. ಕೊನೆಗೆ ಚೂಟಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಅವಳು ಚೀಲದಿಂದ ಇನ್ನೊಂದು ಕುಂಡ ತೆಗೆದು ಮೇಜಿನ ಮೇಲಿಟ್ಟಳು. ಅದೇ ಹೊಲದ ಮಣ್ಣು, ಅದೇ ಪ್ಯಾಕೆಟ್ಟಿನ ಬೀಜ, ಅಜ್ಜನ ಕಪ್ಪು ಗೊಬ್ಬರ. ಮುಂದಿನ ಬೆಂಚಿನವರೆಲ್ಲ ಮೂಗು ಮುಚ್ಚಿಕೊಂಡರು. ಚಾರ್ಟಿನಲ್ಲಿ ಮೂರನೆಯ ಸಾಲು ಎಳೆದು ಖಾಲಿ ಬಿಟ್ಟಳು.

"ಇದು ಎಷ್ಟುದ್ದ ಬರುತ್ತೇ?" ಎಂದು ಉದ್ದಜಡೆ ಮೂಗು ಹಿಡಿದುಕೊಂಡೇ ಕೇಳಿದಳು. "ಬೆಟ್ಟು?"

"ಬೆಟ್ಟೂ ಇಲ್ಲ ಗಿಟ್ಟೂ ಇಲ್ಲ," ಎಂದಳು ಚೂಟಿ. "ಅಳೆದ ಮೇಲೆ ಹೇಳ್ತೀನಿ."