ನೂರ್ಕೈಯನ ಹೊಲಿಗೆ ಬಿಚ್ಚಿದ ಪುಟ್ಟೀರವ್ವ

ಬಹಳ ಬಹಳ ಹಿಂದೆ, ಮೋಡಗಳು ಅರಮನೆಯ ಗೋಪುರಕ್ಕೆ ತಲೆಯೊರಗಿಸಿ ವಿಶ್ರಮಿಸುತ್ತಿದ್ದ ಕಾಲದಲ್ಲಿ, ಹೊಳಲುಗೋಡು ಎಂಬ ರಾಜ್ಯವಿತ್ತು. ಅಲ್ಲಿ ನೂರ್ಕೈಯನೆಂಬ ಭೂತವು ಸಕಲವನ್ನೂ ಕಟ್ಟುತ್ತಿತ್ತು. ಮನೆ ಕಟ್ಟುವುದಕ್ಕೊಂದು ಕೈ, ಬಾವಿ ತೋಡುವುದಕ್ಕೊಂದು ಕೈ, ಹೂ ಕಟ್ಟುವುದಕ್ಕೊಂದು ಕೈ. ಮಾಂತ್ರಿಕ ಜಟಿಲಾಕ್ಷನು ಆ ನೂರನ್ನೂ ಒಂದೇ ದಾರದಿಂದ ಭೂತದ ಮೈಗೆ ಹೊಲಿದಿದ್ದನು. ಒಂದು ಒಲೆ ಹೂಡಬೇಕಾದರೂ ನೂರು ಕೈಗಳು ಏಳಬೇಕು. ಒಂದು ಮುನಿದರೆ ತೊಂಬತ್ತೊಂಬತ್ತೂ ಮಲಗುವುವು.

ಅವುಗಳನ್ನು ದಿನವೂ ಎಬ್ಬಿಸುವ ಕೆಲಸ ಅರಮನೆಯ ಊಳಿಗದವಳಾದ ಪುಟ್ಟೀರವ್ವನದು. ಅವಳಿಗೆ ಸಾಕುಸಾಕಾಗಿತ್ತು.

ಒಂದು ಮಧ್ಯಾಹ್ನ ದೊಡ್ಡಕೆರೆಯ ಏರಿ ಬಿರಿಯಿತು. ಏರಿಯ ಕೆಳಗಿನ ಊರಿನಲ್ಲಿ ಅವಳ ತಂಗಿ, ಮೂರು ದಿನದ ಬಾಣಂತಿ, ಕೂಸಿನೊಡನೆ ಮಲಗಿದ್ದಳು. ಸಂಜೆಯೊಳಗೆ ಏರಿಯ ಬಿರುಕು ಮುಚ್ಚದಿದ್ದರೆ ಊರೇ ಕೊಚ್ಚಿಹೋಗುವುದು.

"ನೂರ್ಕೈಯಾ, ಏಳಪ್ಪಾ! ಏರಿಗೆ ಮಣ್ಣು ಹಾಕು!"

"ಆಗದು ತಾಯಿ. ಕನ್ನಡಿ ಉಜ್ಜುವ ಕೈಗೆ ಉಗುರುಸುತ್ತು."

"ಏರಿಗೆ ಕನ್ನಡಿ ಯಾಕೆ? ನೀರು ಮುಖ ನೋಡಿಕೊಳ್ಳುವುದೇ?"

ಗೊಣಗುತ್ತಲೇ ಓಡಿ ನಿಂಬೆಹಣ್ಣು ತಂದು ಆ ಬೆರಳಿಗೆ ಸಿಕ್ಕಿಸಿದಳು.

"ಈಗ ಏಳು!"

"ಆಗದು ತಾಯಿ. ಹೂ ಕಟ್ಟುವ ಕೈ ಮಲ್ಲಿಗೆಯಿಲ್ಲದೆ ಏಳದು."

ಹಲ್ಲು ಕಚ್ಚಿಕೊಂಡು ಓಡಿ ಬುಟ್ಟಿ ತುಂಬ ಮಲ್ಲಿಗೆ ತಂದಳು.

"ಈಗಲಾದರೂ ಏಳು!"

"ಆಗದು ತಾಯಿ. ಗಂಧ ತೇಯುವ ಕೈಗೆ ಮಲ್ಲಿಗೆಯ ವಾಸನೆ ತಗುಲಿ ತಲೆಸುತ್ತು."

ಮಲ್ಲಿಗೆ ಇಟ್ಟರೆ ಇದು ಏಳದು, ತೆಗೆದರೆ ಅದು ಏಳದು. ಪುಟ್ಟೀರವ್ವ ಏರಿಯ ಮೇಲೆ ಕುಸಿದು ಕುಳಿತಳು.

"ಅಯ್ಯೋ ನನ್ನ ಕರ್ಮವೇ! ನಿನ್ನದೇ ಎಂಬುದು ನಿನ್ನಲ್ಲಿ ಏನಾದರೂ ಇದೆಯೇನೋ?"

ಭೂತವು ಹೇಳಿತು: "ಮೊರೆ ಕೇಳುವ ಕಿವಿ, ಯಾರನ್ನು ಕರೆಯಬೇಕೆಂಬ ಬುದ್ಧಿ, ಕರೆಯುವ ಬಾಯಿ. ಅಷ್ಟೇ ತಾಯಿ. ಮಿಕ್ಕಿದ್ದೆಲ್ಲ ಹೊಲಿದದ್ದು."

ಅವಳು ಸೊಂಟದ ಕುಡುಗೋಲನ್ನು ಕೈಗೆತ್ತಿಕೊಂಡಳು. ಒಮ್ಮೆಲೇ ಎದ್ದ ಹೊಗೆಯ ನಡುವಿನಿಂದ ಜಟಿಲಾಕ್ಷನು ಹೊರಬಂದನು.

"ಎಲೇ, ಒಂದು ಹೊಲಿಗೆ ಬಿಚ್ಚಿದರೂ ಭೂತ ಸಾಯುತ್ತದೆ! ನನ್ನ ರಾಜ್ಯ ಹಾಳಾಗುತ್ತದೆ!"

"ನಿಮ್ಮ ರಾಜ್ಯವೇ ಸ್ವಾಮಿ? ಮಹಾರಾಜರಿಗೆ ತಿಳಿದಿದೆಯೇ?"

ಬಾಯಿ ಹಾಗೆಂದರೂ ಅವಳು ಕುಡುಗೋಲನ್ನು ದಾರದ ಬಳಿ ತಡೆದು ಹಿಡಿದಳು. ಭೂತ ಸತ್ತರೆ ಏರಿ ಕಟ್ಟುವವರಾರು? ಕೆಳಗೆ ಕೂಸು ಅತ್ತ ಸದ್ದು ಕೇಳಿಸಿತು. ಕಣ್ಣು ಮುಚ್ಚಿ ದಾರವನ್ನು ಕೊಯ್ದಳು.

ನೂರು ಕೈಗಳೂ ದೊಪ್ಪನೆ ನೆಲಕ್ಕೆ ಬಿದ್ದವು.

ಬಳಿಕ ಭೂತವು ಮೆಲ್ಲನೆ ಬಾಯಿ ತೆರೆಯಿತು. "ಮಣ್ಣು ಹೊರುವ ಕೈಯೇ, ಬಾ."

ಒಂದೇ ಒಂದು ಕೈ ಎದ್ದುಬಂದಿತು.

"ಕಲ್ಲು ಜೋಡಿಸುವ ಕೈಯೇ, ಬಾ."

ಇನ್ನೊಂದು ಬಂದಿತು. ಸೂರ್ಯ ಮುಳುಗುವ ಮೊದಲೇ ಏರಿ ನಿಂತಿತು. ಜಟಿಲಾಕ್ಷನ ಬಲವೆಲ್ಲ ಆ ದಾರದಲ್ಲಿತ್ತು. ದಾರ ತುಂಡಾದ ಮೇಲೆ ಅವನು ಬೂದಿಯಾಗಿ ಗಾಳಿಗೆ ಚದುರಿದನು.

ಅಂದಿನಿಂದ ಕೈಗಳು ಬೇರೆ ಬೇರೆ ಮನೆಗಳಲ್ಲಿ ಬಾಳಿದವು. ಕರೆದ ಕೈ ಮಾತ್ರ ಬರುತ್ತಿತ್ತು, ನೊಂದ ಕೈಗೆ ಮಾತ್ರ ಮದ್ದಾಗುತ್ತಿತ್ತು. ರಾಜ್ಯದ ಜನರೆಲ್ಲ ಸುಖವಾಗಿದ್ದರು.

ಏರಿ ನಿಂತ ಆ ಸಂಜೆ ತಂಗಿ ಕೇಳಿದ್ದಳು: "ಅಕ್ಕಾ, ನೂರನ್ನೂ ಹೇಗೆ ಎಬ್ಬಿಸಿದೆ?"

"ಎಬ್ಬಿಸಲಿಲ್ಲ ಕಣೇ, ಎರಡೇ ಸಾಕಾಯಿತು," ಎಂದು ಪುಟ್ಟೀರವ್ವ ಕೂಸನ್ನು ಮಡಿಲಿಗೆಳೆದುಕೊಂಡಳು.