ಕನ್ನಡಕ ತಂದಿಲ್ಲ

ಗುರುವಾರ ಬೆಳಿಗ್ಗೆ 10.40ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ನಿವೃತ್ತ ಹೆಡ್‌ಮಿಸ್ಟ್ರೆಸ್, ಕುರ್ಚಿ ತೋರಿಸುವವರೆಗೂ ಕಾಯಲಿಲ್ಲ. ತಾವೇ ಎಳೆದುಕೊಂಡು ಕೂತರು. ಹೆಡ್ ಕಾನ್‌ಸ್ಟೆಬಲ್ ಗೀಚಿ ಕೊಟ್ಟ ದೂರಿನ ಹಾಳೆಯಲ್ಲಿ ಮೊದಲು ಅವನ ಕಾಗುಣಿತ ತಿದ್ದಿದರು, ಆಮೇಲೆ ತಮ್ಮ ದೂರು ಬರೆದರು.

ಇನ್ಸ್‌ಪೆಕ್ಟರನ ಮುಖ ಹುಟ್ಟಿನಿಂದಲೇ ಸಿಡುಕು. ಠಾಣೆಯವರು ಬೆನ್ನ ಹಿಂದೆ ಅವನನ್ನು ಗಂಟುಮೋರೆ ಎನ್ನುತ್ತಿದ್ದರು. ಆ ತಿದ್ದುಪಡಿ ನೋಡಿದ್ದೇ ಅವನಿಗೆ ಆಕೆಯನ್ನು ಕಂಡರಾಗದಂತಾಯಿತು. ಆದರೆ ದೂರು ಚಿಲ್ಲರೆಯದಲ್ಲ. ಹಿಂದಿನ ದಿನ ಇಬ್ಬರು ಗಂಡಸರು ಟೇಪು ಹಿಡಿದು ಬಂದು ಆಕೆಯ ಮನೆ ಅಳೆಯತೊಡಗಿದ್ದರು. ಕೇಳಿದರೆ ಅಧಿಕಾರಪತ್ರದ ಜೆರಾಕ್ಸ್ ಮುಖಕ್ಕೆ ಹಿಡಿದರು. ವಿದೇಶದ ಕಡಲತೀರದಲ್ಲಿ ವರ್ಷಕ್ಕೊಂದು ವಾರ ತಂಗುವ ಟೈಮ್‌ಶೇರ್ ಕೋಣೆ ಕೊಳ್ಳಲು, ಅದಕ್ಕಾಗಿ ತಮ್ಮ ಮನೆ ಮಾರಲು, ಹೆಡ್‌ಮಿಸ್ಟ್ರೆಸ್ ಒಬ್ಬ ಏಜೆಂಟನಿಗೆ ಪೂರ್ಣ ಅಧಿಕಾರ ಕೊಟ್ಟಿದ್ದಾರೆಂದು ನಾಲ್ಕು ಪುಟದ ಆ ಪತ್ರದಲ್ಲಿತ್ತು. ಕೊನೆಯಲ್ಲಿ ಸಹಿ, ಹೆಬ್ಬೆಟ್ಟಿನ ಗುರುತು, ನೋಟರಿಯ ಮೊಹರು. ಸೋಮವಾರವೇ ರಿಜಿಸ್ಟ್ರೇಷನ್ ಎಂದಿದ್ದರು, ಕೊಳ್ಳುವವರ ಕಡೆಯ ಆ ಗಂಡಸರು.

“ಸಹಿ ನಿಮ್ಮದಾ?”

“ನನ್ನದರ ಹಾಗೇ ಇದೆ. ನಾನು ಹಾಕಿಲ್ಲ.”

“ಈ ಏಜೆಂಟ್ ಗೊತ್ತಾ?”

“ಎರಡು ತಿಂಗಳ ಹಿಂದೆ ಹೋಟೆಲಲ್ಲಿ ಊಟ ಹಾಕಿ ಮೀಟಿಂಗ್ ಮಾಡಿದ್ದ. ಹೋಗಿದ್ದೆ. ಬೇಡ ಅಂದು ಬಂದೆ.”

“ಒಬ್ಬರೇ ಹೋಗಿದ್ರಾ?”

“ಅಕ್ಕ ಜೊತೇಲಿದ್ಲು. ಅವಳಿಗೆ ಇದೆಲ್ಲ ತಲೆಬುಡ ಗೊತ್ತಾಗಲ್ಲ, ಬಿಡಿ.” ಆಕೆ ದೂರಿನ ಹಾಳೆಯನ್ನು ಅವನತ್ತ ತಳ್ಳಿದರು. “ಮೂವತ್ತು ವರ್ಷ ಸೀಮೆಸುಣ್ಣದ ಧೂಳು ಕುಡಿದು ಕಟ್ಟಿದ ಮನೆ ಇದು. ಅದು ಹೋದ್ರೆ ನಂಗೆ ಬೇರೇನೂ ಇಲ್ಲ.”

11.30ಕ್ಕೆ ಎಫ್ಐಆರ್ ದಾಖಲಾಯಿತು. ಏಜೆಂಟನ ಆಫೀಸಿಗೆ ಬೀಗ, ಫೋನು ಸ್ವಿಚ್ ಆಫ್. ಸೋಮವಾರದ ರಿಜಿಸ್ಟ್ರೇಷನ್ ತಡೆಯಿರೆಂದು ಇನ್ಸ್‌ಪೆಕ್ಟರ್ ಪತ್ರ ಬರೆದರೆ, ಸಬ್ ರಿಜಿಸ್ಟ್ರಾರ್ ಅದನ್ನು ಮಡಿಸಿ ವಾಪಸ್ ಕೊಟ್ಟ. ಸಹಿ ಖೋಟಾ ಎನ್ನಲು ಪುರಾವೆ ತನ್ನಿ, ಇಲ್ಲದಿದ್ದರೆ ನನ್ನ ಕೈಲಿ ಏನೂ ಇಲ್ಲ ಎಂದ. ಉಳಿದದ್ದು ಮೂರು ದಿನ.

ಮಧ್ಯಾಹ್ನ 2.15. ನೋಟರಿಯ ಕೋಣೆ ಕೋರ್ಟ್ ಕಟ್ಟಡದ ಮೆಟ್ಟಿಲ ಕೆಳಗಿತ್ತು. ನೆಟ್ಟಗೆ ನಿಂತರೆ ತಲೆ ಬಡಿಯುತ್ತಿತ್ತು. ಮೇಜಿನ ಹಿಂದೆ ನೋಟರಿ, ಮೂಲೆಯಲ್ಲಿ ಟೈಪಿಸ್ಟ್ ಹೆಂಗಸು.

“ಆಸಾಮಿ ಖುದ್ದಾಗಿ ಬಂದಿದ್ದಾರೆ. ಗುರುತಿನ ಕಾರ್ಡ್ ನೋಡಿದೆ, ಮೊಹರು ಹಾಕಿದೆ. ನನ್ನ ಕೆಲಸ ಅಷ್ಟೇ,” ಎಂದು ನೋಟರಿ ಕೈ ತೊಳೆದುಕೊಂಡ.

ಇನ್ಸ್‌ಪೆಕ್ಟರ್ ರಿಜಿಸ್ಟರ್ ತೆಗೆಸಿದ. ಹಿಂದಿನ ತಿಂಗಳ ಹದಿನೆಂಟನೇ ತಾರೀಕು, 11.20. ಸಹಿಯ ಪಕ್ಕ ಕೆಂಪು ಶಾಯಿಯ ಸಣ್ಣದೊಂದು ಮೊಹರಿತ್ತು: ‘ಓದಿ ಹೇಳಿ ಅರ್ಥ ಮಾಡಿಸಲಾಗಿದೆ’.

“ಇದನ್ನ ಯಾರಿಗೆ ಹಾಕ್ತೀರಿ?”

“ಓದೋಕೆ ಬಾರದವರಿಗೆ.”

“ಹೆಡ್‌ಮಿಸ್ಟ್ರೆಸ್‌ಗೆ ಓದೋಕೆ ಬರಲ್ವಾ?”

ನೋಟರಿ ಟೈಪಿಸ್ಟ್ ಕಡೆ ನೋಡಿದ. ಆಕೆ ಯಜಮಾನನ ಮುಖ ನೋಡದೆ ಹೇಳಿಯೇ ಬಿಟ್ಟಳು: “ಕನ್ನಡಕ ತಂದಿಲ್ಲ, ನೀವೇ ಓದಿಬಿಡಿ ಅಂದ್ರು ಸಾರ್. ನಂಗೆ ನಗು ಬಂತು. ಕನ್ನಡಕ ಅವರ ಮೂಗಿನ ಮೇಲೇ ಇತ್ತು.”

“ಮುಖ ಕಾರ್ಡಿನಲ್ಲಿದ್ದ ಹಾಗೇ ಇತ್ತಾ?”

“ಹೆಚ್ಚುಕಮ್ಮಿ ಹಾಗೇ ಇತ್ತು ಸಾರ್.”

ಇನ್ಸ್‌ಪೆಕ್ಟರ್ ನೋಟರಿಯತ್ತ ತಿರುಗಿದ. “ನೀವು ಓದಿ ಹೇಳಿದ್ರಾ?”

“ನಾಲ್ಕು ಪುಟ ಇನ್ಸ್‌ಪೆಕ್ಟ್ರೇ. ಹೊರಗೆ ಹತ್ತು ಜನ ಕಾಯ್ತಿದ್ರು.”

“ಓದಲಿಲ್ಲ.”

“ಓದಲಿಲ್ಲ.”

ಇನ್ಸ್‌ಪೆಕ್ಟರನಿಗೆ ಪಿತ್ತ ನೆತ್ತಿಗೇರಿತು. ಓದದೆಯೇ ಓದಿದ್ದೇನೆಂದು ಮೊಹರು ಒತ್ತಿ ಇನ್ನೊಬ್ಬರ ಮನೆ ಕೈಬಿಡಿಸುವ ಈ ಮಹಾನುಭಾವನನ್ನೂ ಆರೋಪಿಗಳ ಪಟ್ಟಿಗೆ ಸೇರಿಸಬೇಕೆಂದು ಅಲ್ಲೇ ಗಟ್ಟಿ ಮಾಡಿಕೊಂಡ. ಪಕ್ಕದ ಜೆರಾಕ್ಸ್ ಅಂಗಡಿಯವರಿಬ್ಬರನ್ನು ಪಂಚರಾಗಿ ಕರೆಸಿ, ಪಂಚನಾಮೆ ಬರೆಸಿ, 3.15ಕ್ಕೆ ರಿಜಿಸ್ಟರನ್ನೂ ಸಹಿ, ಹೆಬ್ಬೆಟ್ಟು ಇದ್ದ ಪತ್ರದ ಕಚೇರಿ ಪ್ರತಿಯನ್ನೂ ವಶಪಡಿಸಿಕೊಂಡ. ಶುಕ್ರವಾರ ಮಧ್ಯಾಹ್ನ ಬೆರಳಚ್ಚಿನ ವರದಿ ಬಂತು. ಹೆಬ್ಬೆಟ್ಟು ದೂರುದಾರಳದ್ದಲ್ಲ.

ಶುಕ್ರವಾರ 3.40ಕ್ಕೆ ಇನ್ಸ್‌ಪೆಕ್ಟರ್ ಮಹಿಳಾ ಪೇದೆಯೊಂದಿಗೆ ಹೆಡ್‌ಮಿಸ್ಟ್ರೆಸ್ ಮನೆಯ ಬಾಗಿಲು ತಟ್ಟಿದಾಗ ತೆರೆದದ್ದು ಅಕ್ಕ. ಅದೇ ಮೂಗು, ಅದೇ ಗಲ್ಲ. ಕೈಗಳು ಮಾತ್ರ ಪಾತ್ರೆ ತಿಕ್ಕಿ ತಿಕ್ಕಿ ಒಡೆದಿದ್ದವು. ಒಳಗೆ ಸೋಫಾದ ಮೇಲೆ ತಂಗಿ ಪತ್ರಿಕೆ ಓದುತ್ತಿದ್ದರು. ಅಕ್ಕ ನಿಂತೇ ಇದ್ದರು.

ಮನೆಯಲ್ಲಿರುವ ಎಲ್ಲರ ಹೇಳಿಕೆ ಬೇಕು ಎಂದ ಇನ್ಸ್‌ಪೆಕ್ಟರ್, ಅಕ್ಕನಿಗೆ ಮೂರೇ ಪ್ರಶ್ನೆ ಕೇಳಿದ. ಪೇದೆ ಬರೆದುಕೊಂಡಳು. ಅವನು ಆ ಹಾಳೆಯನ್ನು ಅಕ್ಕನತ್ತ ಚಾಚಿದ.

“ಓದಿ ನೋಡಿ. ಸರಿಯಿದ್ರೆ ಸಹಿ ಹಾಕಿ.”

“ಕನ್ನಡಕ ತಂದಿಲ್ಲ,” ಎಂದರು ಅಕ್ಕ.

“ಮನೇಲೇ ಇದ್ದೀರಲ್ಲಮ್ಮ. ಎಲ್ಲಿಂದ ತರಬೇಕಿತ್ತು?”

ತಂಗಿ ನಕ್ಕುಬಿಟ್ಟರು. “ಅವಳಿಗೆಲ್ಲಿಯ ಕನ್ನಡಕ? ಓದೋಕೆ ಬಂದ್ರೆ ತಾನೇ. ನಾಲ್ಕು ಜನರ ಮುಂದೆ ಹಾಗನ್ನೋದು ಅವಳ ಚಾಳಿ.” 

“ನೋಟರಿ ಹತ್ರಾನೂ ಯಾರೋ ಹಾಗೇ ಅಂದಿದ್ರು, ಮೂಗಿನ ಮೇಲೆ ಕನ್ನಡಕ ಇಟ್ಕೊಂಡು,” ಎಂದ ಇನ್ಸ್‌ಪೆಕ್ಟರ್.

ತಂಗಿಯ ನಗು ಅರ್ಧಕ್ಕೇ ನಿಂತಿತು. ಆಕೆಯ ಕೈ ತಾನಾಗಿ ತಮ್ಮ ಕನ್ನಡಕಕ್ಕೆ ಹೋಯಿತು. “ನೀನಾ?”

“ಹೂಂ. ನಾನೇ.”

“ಇಷ್ಟು ವರ್ಷ ಕೂರಿಸಿ ಅನ್ನ ಹಾಕಿದ್ದಕ್ಕೆ ಇದಾ?”

“ಯಾವತ್ತು ಕೂತಿದ್ದೆ ನಾನು? ಅನ್ನ ಮಾಡಿ ಹಾಕಿದ್ದು ಯಾರು?”

ಆಮೇಲೆ ಆ ಇಬ್ಬರು ಆಡಿದ ಮಾತುಗಳನ್ನು ಪೇದೆ ಬರೆದುಕೊಳ್ಳಲಿಲ್ಲ. ಬರೆಯುವಂಥವೂ ಆಗಿರಲಿಲ್ಲ.

ಠಾಣೆಯಲ್ಲಿ 4.30ಕ್ಕೆ ಅಕ್ಕನ ಹೇಳಿಕೆ ಶುರುವಾಯಿತು. ಹೋಟೆಲಿನ ಮೀಟಿಂಗಿನಲ್ಲಿ ಏಜೆಂಟ್ ಕುರ್ಚಿ ಎಳೆದು ಕೊಟ್ಟು, ಮೇಡಂ ಎಂದು ಕರೆದು, ಸಮುದ್ರದ ಕಡೆ ಕಿಟಕಿ ಇರುವ ಕೋಣೆಯ ಫೋಟೊ ತೋರಿಸಿದ್ದ. ಕೀಲಿ ನಿಮ್ಮ ಕೈಗೇ, ಆ ವಾರ ಒಳಗೆ ಬರಲು ಯಾರೇ ಆದರೂ ನಿಮ್ಮನ್ನೇ ಕೇಳಬೇಕು ಎಂದಿದ್ದ.

“ನನ್ನ ತಂಗಿ ಎಲ್ಲರ ಮುಂದೆ, ‘ಅವಳ ಹತ್ರ ಯಾಕೆ ಬಾಯಿ ನೋಯಿಸ್ಕೋತೀರಿ, ಅವಳು ನಮ್ಮನೆ ಕೆಲಸದೋಳು’ ಅಂದ್ಲು. ನಲವತ್ತು ಜನ ಇದ್ರು. ಸ್ವಂತ ಅಕ್ಕ ನಾನು.”

ಮರುವಾರ, ತಂಗಿ ಇಲ್ಲದ ಹೊತ್ತು ನೋಡಿ ಏಜೆಂಟ್ ಮನೆಗೇ ಬಂದ. ಅಕ್ಕ ಒಂದಿಡೀ ತಿಂಗಳು ತಂಗಿಯ ಸಹಿಯ ಮೇಲೆ ಕೈ ತಿದ್ದಿದರು. ಬೀರುವಿನಿಂದ ತಂಗಿಯ ಗುರುತಿನ ಕಾರ್ಡು, ಏಜೆಂಟ್ ಇದೇ ಎಂದು ಬೆರಳು ಮಾಡಿದ ಮನೆ ಕಂದಾಯದ ರಸೀದಿ ತೆಗೆದರು. ಫೋಟೊದ ಹಾಗೆ ಕಾಣಬೇಕೆಂದು ತಂಗಿಯ ಹಳೆಯ ಕನ್ನಡಕ ಹಾಕಿಕೊಂಡು ಹೋದರು.

“ಮನೆ ಮಾರಿಸೋಕೆ ಯಾಕೆ ಒಪ್ಪಿದ್ರಿ?”

“ಯಾವ ಮನೆ?”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟ.

“ಪೆನ್ಶನ್ ಇರೋರ ಸಹಿ ಬೇಕು, ರೂಮು ಮಾತ್ರ ನಿಮ್ಮ ಹೆಸರಿಗೇ ಆಗುತ್ತೆ ಅಂದ ಅವನು. ಮನೆ ಮಾತೇ ಎತ್ತಲಿಲ್ಲ.”

ಇನ್ಸ್‌ಪೆಕ್ಟರ್ ಪತ್ರದ ಆ ಪ್ರತಿ ತರಿಸಿ ನಾಲ್ಕು ಪುಟವನ್ನೂ ಗಟ್ಟಿಯಾಗಿ ಓದಿದ. ಹನ್ನೆರಡು ನಿಮಿಷ ಹಿಡಿಯಿತು. ಅಕ್ಕ ಒಂದು ಮಾತೂ ಬಿಡದೆ ಕೇಳಿದರು.

“ನನ್ನ ಹೆಸರು ಎಲ್ಲಿ ಬಂತು?”

“ಬರಲಿಲ್ಲ.”

“ರೂಮು?”

“ಅದೂ ನಿಮ್ಮ ತಂಗಿ ಹೆಸರಿಗೇ ಬರೆದಿದ್ದಾನೆ.”

ಅಕ್ಕ ಸೊಂಟದ ಚೀಲದಿಂದ ಏಜೆಂಟನ ವಿಸಿಟಿಂಗ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಹಿಂದುಗಡೆ ಅವನದೇ ಅಕ್ಷರದಲ್ಲಿ ಲಾಡ್ಜಿನ ವಿಳಾಸವಿತ್ತು. ಇಷ್ಟು ದಿನ ಅದರಲ್ಲೇನಿದೆ ಎಂದು ಆಕೆಗೆ ಗೊತ್ತಿರಲಿಲ್ಲ. 5.20ಕ್ಕೆ ಏಜೆಂಟನನ್ನು ಲಾಡ್ಜಿನ ಕೋಣೆಯಿಂದಲೇ ಎತ್ತಿಕೊಂಡು ಬಂದರು. ಬೆರಳಚ್ಚಿನ ವರದಿ ಕಂಡ ಸಬ್ ರಿಜಿಸ್ಟ್ರಾರ್ ಈ ಸಲ ಪತ್ರ ವಾಪಸ್ ಮಾಡಲಿಲ್ಲ. ಮನೆ ಉಳಿಯಿತು.

ಅಕ್ಕನ ಹತ್ತಿರ ಏನಾದರೂ ಮಾತಾಡುವುದಿದೆಯೇ ಎಂದು ಇನ್ಸ್‌ಪೆಕ್ಟರ್ ಹೊರಗೆ ಕೂತಿದ್ದ ತಂಗಿಯನ್ನು ಕೇಳಿದ.

“ಇಲ್ಲ. ದೂರು ವಾಪಸ್ ತಗೊಳೋದೂ ಇಲ್ಲ.”

“ಅವರು ಶಾಲೆಗೆ ಹೋಗಲೇ ಇಲ್ವಾ?”

“ಅಮ್ಮ ಹಾಸಿಗೆ ಹಿಡಿದಾಗ ಬಿಡಿಸಿದ್ರು. ನನ್ನನ್ನ ನೋಡ್ಕೊಳೋಕೆ.” ಆಕೆ ಎದ್ದು ಚೀಲ ಹೆಗಲಿಗೇರಿಸಿ ಹೊರಟುಹೋದರು.

5.50ಕ್ಕೆ ದಸ್ತಗಿರಿ ಪತ್ರ ತಯಾರಾಯಿತು. ಹೆಡ್ ಕಾನ್‌ಸ್ಟೆಬಲ್ ಅದನ್ನು ಪೂರ್ತಿ ಓದಿ ಹೇಳಿ, ಶಾಯಿಯ ಡಬ್ಬಿ ಮುಂದೆ ಸರಿಸಿದ.

“ಇದ್ರಲ್ಲಾದ್ರೂ ನನ್ನ ಹೆಸರಿದೆಯಾ?” ಅಕ್ಕ ಕೇಳಿದರು.

ಇನ್ಸ್‌ಪೆಕ್ಟರ್ ಆ ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿದ. ನಾಲ್ಕಕ್ಷರ. ಆಕೆ ಬಗ್ಗಿ ಒಂದೊಂದನ್ನೂ ನೋಡಿದರು. ನೋಡಿ ಮುಗಿದ ಮೇಲೆ, ಅಕ್ಷರಗಳಿಗೆ ಶಾಯಿ ತಾಗದಂತೆ ಹುಷಾರಾಗಿ, ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದರು.