ಕಪ್ಪು ಮೂಲೆಯ ಹೆಬ್ಬೆಟ್ಟು

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಚಿತ್ರಶಾಲೆಯ ಮುಖ್ಯಸ್ಥರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಎರಡನೇ ಕೋಣೆಯ ಗೋಡೆಯ ಮೇಲಿದ್ದ ‘ಮುಚ್ಚಿದ ಕಿಟಕಿ’ ಎಂಬ ತೈಲಚಿತ್ರ ಕಾಣೆಯಾಗಿದೆ. ಕಾಲವಾದ ಕಲಾವಿದರೊಬ್ಬರ ಕೊನೆಯ ಚಿತ್ರವದು. ಉಳಿದ ನಲವತ್ತೊಂದು ಚಿತ್ರಗಳು ಇದ್ದಲ್ಲೇ ಇವೆ.

ಎಫ್‌ಐಆರ್ ಬರೆದವನು ಎಎಸ್‌ಐ. ಅವನ ನಿಜವಾದ ಹೆಸರು ಸೇವಾಪುಸ್ತಕದಲ್ಲಿ ಮಾತ್ರ ಇತ್ತು. ಠಾಣೆಯಲ್ಲಿ ಎಲ್ಲರಿಗೂ ಅವನು ಅಕ್ಷರಪ್ಪ. ಮುತ್ತು ಪೋಣಿಸಿದಂಥ ಬರವಣಿಗೆ. ಅವನ ಪಂಚನಾಮೆಯನ್ನು ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು ಓದುತ್ತಾರೆ ಎಂದು ಕಾನ್‌ಸ್ಟೇಬಲ್‌ಗಳು ತಮಾಷೆ ಮಾಡುತ್ತಿದ್ದರು. ಆ ದಿನ ಮಾತ್ರ ಕಲಾವಿದರ ಹೆಸರು ಬರೆಯುವಾಗ ಅವನ ಪೆನ್ನು ತಡವರಿಸಿತು. ಇಪ್ಪತ್ತೆರಡು ವರ್ಷಗಳ ಹಿಂದೆ ಅದೇ ಕಲಾವಿದ ಮನೆಯ ಮಹಡಿ ಮೆಟ್ಟಿಲಿನಿಂದ ಬಿದ್ದು ಸತ್ತಾಗ ಸ್ಥಳದ ಪಂಚನಾಮೆ ಬರೆದವನೂ ಅವನೇ. ಕಾಲು ಜಾರಿ ಆಕಸ್ಮಿಕ ಮರಣ ಎಂದು ಕಡತ ಮುಚ್ಚಿತು. ಊರ ಬಾಯಿ ಮುಚ್ಚಲಿಲ್ಲ. ಮನೆಯಲ್ಲಿದ್ದದ್ದು ಗಂಡ ಹೆಂಡತಿ ಇಬ್ಬರೇ, ಹೆಂಡತಿಯೇ ತಳ್ಳಿದಳು ಎಂದು ಜನ ಆಡಿಕೊಂಡರು. ಈಗಲೂ ಆಡಿಕೊಳ್ಳುತ್ತಾರೆ.

ಹನ್ನೊಂದೂಕಾಲಕ್ಕೆ ಇನ್‌ಸ್ಪೆಕ್ಟರ್ ಮೇಡಂ ಜೊತೆ ಅಕ್ಷರಪ್ಪ ಚಿತ್ರಶಾಲೆ ತಲುಪಿದ. ಬೀಗ ಮುರಿದಿರಲಿಲ್ಲ, ಕಿಟಕಿ ಸರಳು ಬಾಗಿರಲಿಲ್ಲ. ಖಾಲಿ ಗೋಡೆಯ ಮುಂದಿನ ಮೇಜಿನ ಮೇಲೆ ಅದೇ ಚಿತ್ರದ ನಕಲು ಹಾಗೇ ಇತ್ತು. ಕಣ್ಣು ಕಾಣದವರು ಮುಟ್ಟಿ ನೋಡಲಿ ಎಂದು ಮಾಡಿಸಿದ ನಕಲು. ಅಸಲು ಚಿತ್ರವನ್ನು ಸ್ಕ್ಯಾನ್ ಮಾಡಿ, ಕುಂಚ ಎಲ್ಲೆಲ್ಲಿ ಬಣ್ಣವನ್ನು ಗುಡ್ಡೆ ಹಾಕಿದೆಯೋ ಎಲ್ಲೆಲ್ಲಿ ಸವರಿದೆಯೋ, ಅಷ್ಟೇ ಏರಿಳಿತ ಬರುವಂತೆ ಪದರದ ಮೇಲೆ ಪದರ ಮುದ್ರಿಸಿದ್ದರು.

ಅಷ್ಟರಲ್ಲಿ ಕಲಾವಿದರ ತಮ್ಮ ಬಂದ. ಚಿತ್ರಶಾಲೆಯ ಟ್ರಸ್ಟ್‌ಗೆ ಅವನೇ ಕಾರ್ಯದರ್ಶಿ. ಇಸ್ತ್ರಿ ಮುರಿಯದ ಅಂಗಿ, ಮೆದು ಮಾತು.

“ಕೀಲಿ ಯಾರ ಹತ್ರ ಇರುತ್ತೆ?” ಮೇಡಂ ಕೇಳಿದರು.

“ಮೂರು ಜನರ ಹತ್ರ. ಮುಖ್ಯಸ್ಥರು, ಕಾವಲಿನವರು, ನಾನು.”

“ಯಾರ ಮೇಲಾದ್ರೂ ಅನುಮಾನ?”

“ಮನೆ ಮಾತು ಮೇಡಂ, ಬೀದಿಗೆ ತರಬಾರದು.” ಅವನು ಸ್ವಲ್ಪ ತಡೆದು ಬೀದಿಗೇ ತಂದ. “ನಮ್ಮತ್ತಿಗೆ ಆ ಚಿತ್ರ ಮನೆಗೆ ಕೊಡಿ ಅಂತ ಮೂರು ಸಲ ಕೇಳಿದ್ರು. ಕಣ್ಣು ಹೋಗಿದೆ, ನಿಜ. ಕೈಕೆಳಗೆ ಒಬ್ಬ ಆಳು ಸಿಕ್ಕಿದ್ರೆ ಸಾಕಲ್ವಾ? ಅಣ್ಣನ ವಿಷಯದಲ್ಲೂ ನಾನು ಬಾಯಿ ಬಿಡಲಿಲ್ಲ.”

“ಬೀಗ ಮುಟ್ಟೋರ ಬೆರಳಚ್ಚೆಲ್ಲ ಬೇಕು.”

“ಧಾರಾಳವಾಗಿ. ಬೀಗದ ಮೇಲೆ ನನ್ನ ಬೆರಳು ಇದ್ದೇ ಇರುತ್ತೆ.” ಅವನು ತಾನೇ ತೋಳು ಮಡಚಿದ.

ವಾಪಸು ಬರುವಾಗ ಜೀಪು ಓಡಿಸುತ್ತಿದ್ದ ಕಾನ್‌ಸ್ಟೇಬಲ್, “ಬೆಂಕಿ ಇಲ್ದೆ ಹೊಗೆ ಆಡುತ್ತಾ ಸಾರ್? ಆಗ ಗಂಡ, ಈಗ ಗಂಡನ ಚಿತ್ರ,” ಎಂದ. ಊರು ಆ ಹೆಂಗಸಿನ ಮೇಲೆ ಎರಡನೇ ಸಲ ಬೆರಳು ತೋರುವಾಗಲೂ ಕಾಗದ ತನ್ನ ಅಕ್ಷರದಲ್ಲೇ ಇರಲಿದೆ ಎಂದು ಅಕ್ಷರಪ್ಪನಿಗೆ ಹೊಳೆಯಿತು.

ಭಾನುವಾರ ಸಂಜೆ ನಾಲ್ಕಕ್ಕೆ ಕಲಾವಿದರ ಹೆಂಡತಿಯ ಮನೆ. ಅದೇ ಮನೆ, ಅದೇ ಹದಿನೇಳು ಮೆಟ್ಟಿಲು. ಮೆಟ್ಟಿಲ ಬುಡಕ್ಕೆ ಯಾರೋ ಮರದ ಪೆಟ್ಟಿಗೆಯೊಂದನ್ನು ಅಡ್ಡ ಇಟ್ಟಿದ್ದರು; ಮೇಲೆ ಹತ್ತುವವರು ಈಗ ಯಾರೂ ಇರಲಿಲ್ಲ. ಹಗಲಲ್ಲೂ ಅಲ್ಲಿ ಕತ್ತಲಿತ್ತು. ಅಕ್ಷರಪ್ಪನಿಗೆ ಮೇಲೆ ನೋಡುವ ಧೈರ್ಯ ಬರಲಿಲ್ಲ.

ಕೆಳಗಿನ ಕೋಣೆಯಲ್ಲಿ ಕೂತಿದ್ದ ಆಕೆ ಅವನ ಕಡೆ ಮುಖ ತಿರುಗಿಸಿ, “ಅವತ್ತು ಬಂದಿದ್ದೋರೇ ಅಲ್ವಾ ನೀವು?” ಎಂದರು. “ಬರೆಯೋಕೆ ಮುಂಚೆ ಗಂಟಲು ಸರಿ ಮಾಡ್ಕೊಂಡ್ರಿ. ಅವತ್ತೂ ಹಾಗೇ.”

“ಹೌದಮ್ಮ,” ಎಂದ ಅಕ್ಷರಪ್ಪ.

“ಗುರುವಾರ ಚಿತ್ರಶಾಲೆಗೆ ಹೋಗಿದ್ರಾ?” ಮೇಡಂ ಶುರು ಮಾಡಿದರು.

“ನಕಲು ಇಡೋ ಸಮಾರಂಭಕ್ಕೆ ಕರೆದಿದ್ರು, ಹೋಗಿದ್ದೆ. ನಕಲು ಮುಟ್ಟಿ ನೋಡಿದೆ. ಕೆಳಗೆ ಎಡ ಮೂಲೇಲಿ ಯಾರೋ ಹೆಬ್ಬೆಟ್ಟು ಒತ್ತಿದ ಗುಂಡಿ ಇದೆ. ಇದು ಅವರದ್ದಲ್ಲ ಅಂದೆ. ಎಲ್ಲ ನಕ್ಕರು.”

“ಅವರದ್ದಲ್ಲ ಅಂತ ಹೇಗೆ ಹೇಳ್ತೀರಿ?”

“ಒದ್ದೆ ಬಣ್ಣದ ಹತ್ರ ನೊಣ ಬಂದ್ರೆ ಮನೆಯೆಲ್ಲ ಕೂಗಾಡೋ ಮನುಷ್ಯ. ತಾನೇ ಬೆರಳು ಒತ್ತೋದುಂಟಾ?”

“ಯಾರು ನಗಲಿಲ್ಲ?”

“ನನ್ನ ಮೈದುನ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಹೋದ. ಕಣ್ಣು ಹೋದಮೇಲೆ ಕಿವಿ ಚುರುಕಾಗಿದೆ ನಂಗೆ.” ಆಕೆ ಅಕ್ಷರಪ್ಪನ ಕಡೆಗೆ ತಿರುಗಿ ಹೇಳಿದರು: “ಅವತ್ತು ಸಾಯೋಕೆ ಮುಂಚೆ ಮೇಲಿಂದ ಎರಡು ಕಪ್ ಚಹಾ ಅಂತ ಕೂಗಿದ್ರು. ಹಿತ್ತಲ ಕಡೆಯಿಂದಲೂ ಮೇಲಕ್ಕೆ ಮೆಟ್ಟಿಲಿದೆ, ಯಾರೋ ಬಂದಿರ್ಬೇಕು ಅಂದೆ. ನೀವು ‘ಚಹಾ ಕೇಳಿದರು’ ಅಂತ ಬರಕೊಂಡ್ರಿ.”

ಇನ್ನೊಂದು ಕಪ್ ಚಹಾ ಆಕೆಗೇ ಎಂದುಕೊಂಡಿದ್ದ ಅಕ್ಷರಪ್ಪ. ಗಂಡ ಹೆಂಡತಿ ಜೊತೆಗೆ ಕುಡಿಯುತ್ತಾರೆ, ಇದರಲ್ಲಿ ಬರೆಯುವುದೇನು ಎಂದು ಬಿಟ್ಟಿದ್ದ. ಅಂದ ಚಂದದ ಅಕ್ಷರ ಕಟ್ಟಿಕೊಂಡು ಏನು ಬಂತು?

ಸೋಮವಾರ ಸ್ಕ್ಯಾನ್ ಮಾಡಿದ ಹೆಂಗಸನ್ನು ಭೇಟಿಯಾದರು. ನಲವತ್ತು ದಾಟಿದವಳು, ಮೊದಲು ಹಲ್ಲಿನ ಲ್ಯಾಬಿನಲ್ಲಿ ದವಡೆಗಳ ಅಚ್ಚು ತೆಗೆಯುತ್ತಿದ್ದಳಂತೆ. “ಹಲ್ಲಿಗಿಂತ ಚಿತ್ರ ವಾಸಿ, ನಡುವೆ ಬಾಯಿ ಮುಚ್ಚಲ್ಲ,” ಎಂದು ನಗುತ್ತಲೇ ಕಂಪ್ಯೂಟರ್ ತೆರೆದಳು. ಒಂದು ಬಟನ್ ಒತ್ತಿದಾಗ ಚಿತ್ರದ ಬಣ್ಣವೆಲ್ಲ ಮಾಯವಾಗಿ, ಬೂದು ಮಣ್ಣಿನಲ್ಲಿ ಮೆತ್ತಿದಂಥ ಮೇಲ್ಮೈ ಮಾತ್ರ ಉಳಿಯಿತು. ಕಪ್ಪು ಬಣ್ಣದ ಹೊಳಪಿನಲ್ಲಿ ಇಪ್ಪತ್ತೆರಡು ವರ್ಷ ಯಾರ ಕಣ್ಣಿಗೂ ಬೀಳದ ಹೆಬ್ಬೆಟ್ಟು ಮೂಲೆಯಲ್ಲಿ ಎದ್ದು ಕಂಡಿತು. ಗೆರೆ ಗೆರೆಯೂ ಎಣಿಸುವಂತಿತ್ತು.

“ನಕಲಿನಲ್ಲಿ ಈ ಗೆರೆಗಳು ಇಲ್ವಲ್ಲ?” ಮೇಡಂ ಕೇಳಿದರು.

“ಮುದ್ರಿಸೋವಾಗ ಇಷ್ಟು ಸಣ್ಣದು ಬರಲ್ಲ, ಬರೀ ಗುಂಡಿ ಬರುತ್ತೆ. ಫೈಲಲ್ಲಿ ಎಲ್ಲ ಇದೆ.”

“ಅದಕ್ಕೇ ಕಳ್ಳ ನಕಲನ್ನ ಬಿಟ್ಟುಹೋಗಿದಾನೆ. ಬೆರಳಾಡಿಸಿ ನೋಡಿರ್ಬೇಕು, ಗೆರೆ ಸಿಕ್ಕಿಲ್ಲ. ಅವನು ಚಾಪೆ ಕೆಳಗೆ ತೂರಿದ, ನಿಮ್ಮ ಯಂತ್ರ ರಂಗೋಲಿ ಕೆಳಗೇ ತೂರಿದೆ.” ಮೇಡಂ ಮುಂದಕ್ಕೆ ಬಾಗಿದರು. “ಆಮೇಲೆ ಯಾವಾಗಲೋ ಒತ್ತಿದ್ದಾಗಿರಬಹುದಾ?”

“ಒಣಗಿದ ಬಣ್ಣದ ಮೇಲೆ ಜಿಡ್ಡು ಉಳಿಯುತ್ತೆ, ಗುಂಡಿ ಬೀಳಲ್ಲ.” ಅವಳು ಚಿತ್ರವನ್ನು ಓರೆ ಮಾಡಿದಳು. “ಇನ್ನೊಂದು ಹೇಳ್ಲಾ? ಕಿಟಕಿ ಚೌಕಟ್ಟು ನೇರ ಇದೆ, ಆದ್ರೆ ಅದರ ಅಡಿಯ ಉಬ್ಬು ಸೊಟ್ಟಗಿದೆ. ಈ ಚಿತ್ರದ ಕೆಳಗೆ ಇನ್ನೊಂದು ಚಿತ್ರ ಇದೆ.”

ಅಂದು ಮಧ್ಯಾಹ್ನವೇ ಅಕ್ಷರಪ್ಪ ದಾಖಲೆ ಕೋಣೆಯಿಂದ ಹಳೆಯ ಕಡತ ತೆಗೆಸಿದ. ಸಾವಿನ ದಿನ ಮಧ್ಯಾಹ್ನ ಹನ್ನೆರಡಕ್ಕೆ ಪ್ರದರ್ಶನದ ಪುಸ್ತಕಕ್ಕೆಂದು ತೆಗೆದ ಫೋಟೊದಲ್ಲಿ ಆ ಎಡ ಮೂಲೆಗೆ ಇನ್ನೂ ಕಪ್ಪು ಬಳಿದಿರಲಿಲ್ಲ. ಸಂಜೆ ಆರೂವರೆಗೆ ಪೊಲೀಸರು ಕೋಣೆಗೆ ಮೊಹರು ಹಾಕಿದಾಗ ಮೂಲೆ ಕಪ್ಪಾಗಿ ಒದ್ದೆಯಾಗಿತ್ತು. ಮೊಹರು ತೆಗೆದದ್ದು ನಲವತ್ತು ದಿನದ ಮೇಲೆ, ಬಣ್ಣ ಒಣಗಿದ ನಂತರ; ಹೆಬ್ಬೆಟ್ಟು ಬಿದ್ದದ್ದು ಆ ಮಧ್ಯಾಹ್ನವೇ. ತಮ್ಮನ ಅಂದಿನ ಹೇಳಿಕೆ: ‘ನಾನು ಬೇರೆ ಊರಿನಲ್ಲಿದ್ದೆ, ಮರುದಿನ ಸಂಜೆಯ ಬಸ್ಸಿಗೆ ಬಂದೆ.’ ಅದನ್ನೂ ಬರೆದವನು ಅಕ್ಷರಪ್ಪನೇ. ಟಿಕೆಟ್ ಎಲ್ಲಿ ಎಂದು ಕೇಳಿರಲಿಲ್ಲ.

ಗುರುವಾರ ಬೆರಳಚ್ಚು ವಿಭಾಗದ ವರದಿ ಬಂತು. ಚಿತ್ರದ ಹೆಬ್ಬೆಟ್ಟು ತಮ್ಮನ ಬಲಗೈಯದು.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಪಂಚರೊಂದಿಗೆ ಅವನ ಮನೆಗೆ ಹೋದಾಗ ಮುಂಬಾಗಿಲು ತೆರೆದೇ ಇತ್ತು. ಒಳಗಿಂದ ಟರ್ಪೆಂಟೈನ್ ವಾಸನೆ ಗಂಟಲು ಹಿಡಿಯುವಂತೆ ಬರುತ್ತಿತ್ತು. ಹಿಂದಿನ ಕೋಣೆಯಲ್ಲಿ ಮೇಜಿನ ಮೇಲೆ ಚಿತ್ರವನ್ನು ಅಂಗಾತ ಮಲಗಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಅವನು ಅದರ ಬಣ್ಣವನ್ನು ತೆಗೆಯುತ್ತಿದ್ದ. ನೆಲದ ತುಂಬ ಕಪ್ಪಾದ ಹತ್ತಿಯ ಉಂಡೆಗಳು. ಕಿಟಕಿಯ ಅರ್ಧ ಹೋಗಿ, ಅಡಿಯಿಂದ ಒಂದು ಹಣೆ, ಎರಡು ಕಣ್ಣು, ಮೂಗು ಹೊರಬಂದಿದ್ದವು.

“ಐದು ನಿಮಿಷ ಕೊಡ್ತೀರಾ?” ಅವನು ತಲೆ ಎತ್ತದೆ ಕೇಳಿದ. “ಬಾಯಿ ಭಾಗ ಉಳಿದಿದೆ.”

“ಕೈ ತೆಗೀರಿ,” ಎಂದರು ಮೇಡಂ.

ಅವನು ತೆಗೆದ. ದಸ್ತಗಿರಿಯ ಸಮಯ ಮೂರು ಗಂಟೆ ಹನ್ನೆರಡು ನಿಮಿಷ.

ಜೀಪಿನಲ್ಲಿ ಅವನೇ ಮಾತು ತೆಗೆದ. ತಾನೂ ಚಿತ್ರ ಬರೆಯುವುದನ್ನು ಹತ್ತು ವರ್ಷ ಎಲ್ಲರಿಂದಲೂ ಮುಚ್ಚಿಟ್ಟು, ಕೊನೆಗೆ ಅಣ್ಣನದೇ ಮುಖ ಬರೆದು, ವಾರ್ನಿಷ್ ಹಚ್ಚಿ, ಹೇಗಿದೆ ನೋಡು ಎಂದು ಕೊಟ್ಟಿದ್ದನಂತೆ. ಆರು ತಿಂಗಳಾದರೂ ಅಣ್ಣ ತುಟಿಪಿಟಕ್ಕೆನ್ನಲಿಲ್ಲ. ಕೇಳೋಣವೆಂದು ಅವತ್ತು ಹಿತ್ತಲ ಮೆಟ್ಟಿಲು ಹತ್ತಿ ಹೋದಾಗ, ಅದೇ ಕ್ಯಾನ್ವಾಸಿನ ಮೇಲೆ ಅಣ್ಣ ಕಿಟಕಿ ಬರೆದು ಕೊನೆಯ ಮೂಲೆಗೆ ಕಪ್ಪು ಬಳಿಯುತ್ತಿದ್ದ.

“ನಂದು ಎಲ್ಲಿ ಅಂದೆ. ‘ಬಟ್ಟೆ ಚೆನ್ನಾಗಿತ್ತು ಕಣೋ’ ಅಂದ. ಕೆಳಗೆ ನಂದು ಇನ್ನೂ ಇದೆಯಾ ಅಂತ ಹೆಬ್ಬೆಟ್ಟು ಒತ್ತಿ ಒರೆಸೋಕೆ ಹೋದೆ. ಕೈ ಮೇಲೆ ಹೊಡೆದ. ತಳ್ಳಿದೆ. ಹಿಂದೆ ಮೆಟ್ಟಿಲಿತ್ತು.” ಅವನು ಅಕ್ಷರಪ್ಪನ ಕಡೆ ತಿರುಗಿ, ಪರೀಕ್ಷೆಯ ಫಲಿತಾಂಶ ಕೇಳುವವನಂತೆ ಕೇಳಿದ: “ನೋಡಿದ್ರಲ್ಲ ಸಾರ್. ಹೇಗಿದೆ?”

ಅಕ್ಷರಪ್ಪ ಆ ಪ್ರಶ್ನೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದುಕೊಂಡ.

ಶನಿವಾರ ಹತ್ತು ಗಂಟೆಗೆ ಅವನು ಆ ಮನೆಗೆ ಒಬ್ಬನೇ ಹೋಗಿ ಎಲ್ಲವನ್ನೂ ಹೇಳಿದ. ತಪ್ಪಾಯಿತು ಎಂದೂ ಹೇಳಿದ. ಆಕೆ ಅಳಲಿಲ್ಲ.

“ಇಪ್ಪತ್ತೆರಡು ವರ್ಷ ಪ್ರತಿ ಭಾನುವಾರ ಬಂದು ನನ್ನ ಕೈಯಲ್ಲೇ ಊಟ ಮಾಡಿದಾನೆ,” ಎಂದರು. “ಜನ ನನ್ನನ್ನ ಅನ್ನೋದನ್ನೂ ಕೇಳಿಸ್ಕೊಂಡು, ಇನ್ನೊಂದು ಸ್ವಲ್ಪ ಬಡಿಸಿ ಅತ್ತಿಗೆ ಅಂದಿದಾನೆ.” ಆಮೇಲೆ ಕೇಳಿದರು: “ಕೆಳಗಿರೋ ಮುಖ ನೀವು ನೋಡಿದ್ರಾ? ಅವರ ಹಾಗೇ ಇದೆಯಾ?”

“ಈಗ ಎದ್ದು ಮಾತಾಡ್ತಾರೇನೋ ಅನ್ನೋ ಹಾಗಿದೆಯಮ್ಮ. ನನಗೆ ಚಿತ್ರ ಗಿತ್ರ ಗೊತ್ತಿಲ್ಲ. ಆದ್ರೆ ಕಿಟಕಿಗಿಂತ ಅದೇ ಚೆನ್ನಾಗಿದೆ.”

ಆಕೆ ತಲೆಯಾಡಿಸಿದರು.

“ಅವನಿಗೆ ಮಾತ್ರ ಹೇಳಬೇಡಿ,” ಎಂದರು.